ಹಲ್ಲಿನ ಕುರ್ಚಿಯಲ್ಲಿ ಸೂಜಿ: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಈ ದಿನಗಳಲ್ಲಿ ಕೊಡಗಿನ ಹಲ್ಲಿನ ಚಿಕಿತ್ಸಾಲಯಗಳಲ್ಲಿ ಜನ ಹೆಚ್ಚು. ಕೊಯ್ಲಿನ ಮೂರು ನಾಲ್ಕು ತಿಂಗಳು ಲವಂಗ ಕಚ್ಚಿಕೊಂಡು ನೋವು ತಡೆದುಕೊಂಡವರೆಲ್ಲ ಈಗ ಒಟ್ಟಿಗೆ ಬರುತ್ತಾರೆ. ಅಂಕಣಕ್ಕೆ ಬಂದ ಪತ್ರಗಳಲ್ಲಿಯೂ ಈ ಬಾರಿ ಹಲ್ಲಿಗಿಂತ ಚುಚ್ಚುಮದ್ದಿನ ವಿಚಾರವೇ ಹೆಚ್ಚಾಗಿದ್ದುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಅದೊಂದನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಎರಡು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ರಕ್ತದೊತ್ತಡದ ಮಾತ್ರೆಯೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೂ ನಡೆಯುತ್ತಿವೆ. ಕೆಳದವಡೆಯ ಹಲ್ಲೊಂದನ್ನು ಕೀಳಿಸಬೇಕಾಗಿದೆ. ಹೃದಯದ ಕಾಯಿಲೆ ಇದ್ದವರಿಗೆ ಮರಗಟ್ಟಿಸುವ ಇಂಜೆಕ್ಷನ್ ಆಗದು, ಹಾಗೆಯೇ ಕೀಳಿಸಿಬಿಡಿ ಎಂದು ನೆಂಟರೊಬ್ಬರು ಹೇಳುತ್ತಾರೆ. ಇದು ಸರಿಯೇ? (ಸೋಮವಾರಪೇಟೆ)

ಉತ್ತರ: ಸರಿಯಲ್ಲ. ನಿಮ್ಮ ನೆಂಟರ ಮಾತಿನ ಹಿಂದೆ ಒಂದು ನಿಜವಿದೆ, ಆದರೆ ಅವರು ಅದರಿಂದ ತಪ್ಪು ತೀರ್ಮಾನಕ್ಕೆ ಬಂದಿದ್ದಾರೆ. ಹಲ್ಲಿಗೆ ಕೊಡುವ ಲಿಗ್ನೊಕೇನ್ ಮದ್ದಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಬೆರೆಸಿರುತ್ತಾರೆ. ಅದು ಆ ಜಾಗದ ರಕ್ತನಾಳಗಳನ್ನು ಸಂಕುಚಿಸುವುದರಿಂದ ಮದ್ದು ಬೇಗನೆ ರಕ್ತದಲ್ಲಿ ಕರಗಿ ಹೋಗದೆ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ, ರಕ್ತಸ್ರಾವವೂ ಕಡಿಮೆಯಾಗುತ್ತದೆ. ಅದೇ ಅಡ್ರಿನಲಿನ್ ಹೆಚ್ಚಾದರೆ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ ಎಂಬುದು ನಿಜ. ಆದರೆ ಮದ್ದು ಕೊಡದೆ ಹಲ್ಲು ಕಿತ್ತರೆ, ಆ ನೋವಿಗೂ ಹೆದರಿಕೆಗೂ ಅವರ ದೇಹವೇ ಬಿಡುಗಡೆ ಮಾಡುವ ಅಡ್ರಿನಲಿನ್ ಸಿರಿಂಜಿನಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಬಹುದು.

ಆದ್ದರಿಂದ ಇಲ್ಲಿ ಕೇಳಬೇಕಾದದ್ದು ಕೊಡಬಹುದೋ ಬಾರದೋ ಎಂದಲ್ಲ, ಎಷ್ಟು ಕೊಡಬಹುದು ಎಂದು. ಹೃದ್ರೋಗ ಇರುವವರಿಗೆ ಒಂದು ಭೇಟಿಯಲ್ಲಿ 40 ಮೈಕ್ರೊಗ್ರಾಂ ಅಡ್ರಿನಲಿನ್ ದಾಟಬಾರದೆಂಬುದು ದಂತವೈದ್ಯರು ಪಾಲಿಸಿಕೊಂಡು ಬಂದ ಮಿತಿ. ಆರೋಗ್ಯವಂತ ವಯಸ್ಕರಿಗೆ ಇದು 200. ಬಾಟಲಿಯ ಮೇಲೆ 1:80,000 ಎಂದಿದ್ದರೆ ಪ್ರತಿ ಮಿಲಿಲೀಟರಿನಲ್ಲಿ 12.5 ಮೈಕ್ರೊಗ್ರಾಂ ಇರುತ್ತದೆ. ಮದ್ದು ತುಂಬಿ ಬರುವ ಸಣ್ಣ ಕೊಳವೆಯಾದ 1.8 ಮಿಲಿಲೀಟರಿನ ಒಂದು ಕಾರ್ಟ್ರಿಜ್‌ನಲ್ಲಿ 22.5 ಆಯಿತು, ಎರಡು ಪೂರ್ತಿ ಕೊಟ್ಟರೆ ಮಿತಿ ದಾಟಿತು. 1:200,000 ಎಂದಿದ್ದರೆ ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಮಾತ್ರ, ಹಾಗಾಗಿ ಕೈಯಾಡಿಸಲು ಹೆಚ್ಚು ಅವಕಾಶವಿರುತ್ತದೆ. ಒಂದು ಹಲ್ಲಿಗೆ ಇಷ್ಟು ಧಾರಾಳವಾಗಿ ಸಾಕು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಇರುವವರಲ್ಲಿ ಅದನ್ನು ನಿಲ್ಲಿಸುವುದರ ಅಪಾಯ, ಹಲ್ಲಿನ ಕುಳಿಯಿಂದ ಸ್ವಲ್ಪ ಹೊತ್ತು ರಕ್ತ ಒಸರುವುದಕ್ಕಿಂತ ಬಹಳ ದೊಡ್ಡದು. ಕುಳಿಗೆ ಹೊಲಿಗೆ ಹಾಕಿ, ಹತ್ತಿ ಬಟ್ಟೆ ಒತ್ತಿ ರಕ್ತ ನಿಲ್ಲಿಸಬಹುದು. ಹೃದ್ರೋಗ ತಜ್ಞರ ಚೀಟಿಯನ್ನೂ, ತಂದೆಯವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್‌ನಂಥ ಮಾತ್ರೆಯೊಂದಿಗೆ ಅಡ್ರಿನಲಿನ್ ಸೇರಿದರೆ ರಕ್ತದೊತ್ತಡ ಒಮ್ಮೆಗೇ ಏರಬಹುದಾದ್ದರಿಂದ ವೈದ್ಯರು ಆ ಹೆಸರನ್ನು ಹುಡುಕುತ್ತಾರೆ. ‘ಬಿಳಿ ಮಾತ್ರೆ, ಬೆಳಗ್ಗೆ ಒಂದು’ ಎಂದರೆ ನಮಗೆ ಏನೂ ತಿಳಿಯುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ರಕ್ತದೊತ್ತಡ ನೋಡಿದಾಗ 180/110 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂದು ಹಲ್ಲು ಕೀಳುವುದನ್ನು ಮುಂದೂಡುವುದೇ ಸರಿ, ವೈದ್ಯರು ಹಾಗೆ ಹೇಳಿ ಹಿಂದಕ್ಕೆ ಕಳಿಸಿದರೆ ಬೇಸರಿಸಬೇಡಿ.

ಪ್ರಶ್ನೆ: ಕಳೆದ ವರ್ಷ ಹಲ್ಲಿಗೆ ಚುಚ್ಚಿದ ಕೂಡಲೇ ಎದೆ ಢವಢವ ಎಂದಿತು, ಕೈ ನಡುಗಿತು, ಬೆವರಿ ಕಣ್ಣು ಕತ್ತಲಾಯಿತು. ನಿಮಗೆ ಇಂಜೆಕ್ಷನ್ ಅಲರ್ಜಿ ಇದೆ ಎಂದರು. ಅಂದಿನಿಂದ ಹಲ್ಲಿನ ಆಸ್ಪತ್ರೆಗೆ ಹೋಗುವ ಧೈರ್ಯವಾಗುತ್ತಿಲ್ಲ. (ನಾಪೋಕ್ಲು)

ಉತ್ತರ: ನೀವು ವಿವರಿಸಿದ್ದು ಅಲರ್ಜಿಯಂತೆ ಕಾಣುವುದಿಲ್ಲ. ‘ಅಲರ್ಜಿ’ ಎಂದು ಒಮ್ಮೆ ಚೀಟಿಯಲ್ಲಿ ಬರೆದರೆ ಅದು ಆಯುಷ್ಯವಿಡೀ ಹಿಂಬಾಲಿಸುತ್ತದೆ, ಮುಂದಿನ ವೈದ್ಯರೂ ಮುಟ್ಟಲು ಹಿಂಜರಿಯುತ್ತಾರೆ. ಆದ್ದರಿಂದ ಆ ಪದವನ್ನು ಬಳಸುವ ಮೊದಲು ಯೋಚಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಹಲ್ಲಿನ ಕುರ್ಚಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು ಹೆದರಿಕೆಯಿಂದ ತಲೆ ಸುತ್ತಿ ಬೀಳುವುದು. ಸೇನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದು ಬಂದ ಹಿರಿಯರೊಬ್ಬರು ನನ್ನ ಮುಂದೆ ಎದೆ ನಿಮಿರಿಸಿ ಕುಳಿತು, ಸೂಜಿಯ ಮುಚ್ಚಳ ತೆಗೆದ ಸದ್ದಿಗೇ ಬಿಳಿಚಿಕೊಂಡು ಪಕ್ಕಕ್ಕೆ ವಾಲಿದ್ದರು; ಮದ್ದಿನ್ನೂ ಸಿರಿಂಜಿನಲ್ಲಿಯೇ ಇತ್ತು. ಕುರ್ಚಿಯನ್ನು ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿದ ಮೇಲೆ ಎರಡು ನಿಮಿಷದಲ್ಲಿ ಕಣ್ಣು ಬಿಟ್ಟು, ಮನೆಯಲ್ಲಿ ಹೇಳಬೇಡಿ ಎಂದರು. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಇದು ಇನ್ನೂ ಬೇಗ ಆಗುತ್ತದೆ. ಎರಡು ಅಕ್ಕಿರೊಟ್ಟಿ ತಿಂದು, ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆಯನ್ನೂ ಎಂದಿನಂತೆ ತೆಗೆದುಕೊಂಡು ಬರಬೇಕು; ಮಾತ್ರೆ ನುಂಗಿ ಊಟ ಬಿಟ್ಟು ಬರುವುದು ಎಲ್ಲಕ್ಕಿಂತ ಕೆಟ್ಟದು.

ನಿಮ್ಮ ವಿಷಯದಲ್ಲಿ ಢವಢವವೂ ನಡುಕವೂ ಮೊದಲು ಬಂದಿರುವುದರಿಂದ, ಅಡ್ರಿನಲಿನ್ ಬೇಗನೆ ರಕ್ತಕ್ಕೆ ಸೇರಿರಬಹುದು. ಕೆಳದವಡೆಯನ್ನು ಮರಗಟ್ಟಿಸಲು ಬಾಯಿಯ ಹಿಂಭಾಗದಲ್ಲಿ, ನರ ದವಡೆಯ ಮೂಳೆಯೊಳಗೆ ಹೋಗುವ ಜಾಗದ ಬಳಿ ಚುಚ್ಚುತ್ತೇವೆ. ಆ ನರದ ಪಕ್ಕದಲ್ಲಿಯೇ ರಕ್ತನಾಳಗಳಿರುವುದರಿಂದ, ನೂರು ಬಾರಿ ಚುಚ್ಚಿದರೆ ಹತ್ತಕ್ಕೂ ಹೆಚ್ಚು ಬಾರಿ ಸೂಜಿಯ ತುದಿ ರಕ್ತನಾಳದೊಳಗೆ ಇರುತ್ತದೆ. ಅದಕ್ಕಾಗಿಯೇ ಮದ್ದು ಒತ್ತುವ ಮೊದಲು ಸಿರಿಂಜಿನ ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು ನೋಡಬೇಕು. ಒಳಗೆ ಕೆಂಪು ಎಳೆಯೊಂದು ಹೊಗೆಯಂತೆ ಹರಡಿದರೆ ಸೂಜಿಯನ್ನು ಸರಿಸಿ ಮತ್ತೆ ನೋಡಬೇಕು. ಆಮೇಲೂ ಅವಸರ ಸಲ್ಲದು, ಒಂದು ಮಿಲಿಲೀಟರ್ ಮದ್ದಿಗೆ ಒಂದು ನಿಮಿಷವೆಂದು ಲೆಕ್ಕ ಹಾಕಿ ಒತ್ತಬೇಕು. ನಿಧಾನವಾಗಿ ಕೊಟ್ಟರೆ ನೋವೂ ಕಡಿಮೆ, ಅಪಾಯವೂ ಕಡಿಮೆ. ಹೊರಗೆ ಜನ ಕಾದಿದ್ದಾರೆಂದು ಹತ್ತು ಸೆಕೆಂಡಿನಲ್ಲಿ ಒತ್ತಿ ಮುಗಿಸುವುದನ್ನು ನಾನು ನೋಡಿದ್ದೇನೆ, ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಮಾಡಿದ್ದೇನೆ.

ನಿಜವಾದ ಅಲರ್ಜಿ ಹೇಗಿರುತ್ತದೆಂದು ಕೊಡಗಿನವರಿಗೆ ಹೆಜ್ಜೇನಿನಿಂದ ಗೊತ್ತಿದೆ. ಒಂದೇ ಹುಳ ಕಚ್ಚಿದರೂ ಕೆಲವರಿಗೆ ಮೈತುಂಬ ದದ್ದು ಏಳುತ್ತದೆ, ತುಟಿಯೂ ಗಂಟಲೂ ಊದಿ ಉಸಿರು ಸಿಳ್ಳೆ ಹಾಕುತ್ತದೆ, ರಕ್ತದೊತ್ತಡ ಕುಸಿಯುತ್ತದೆ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ ತಯಾರಿಸಿ, 1948ರಿಂದ ಮಾರುಕಟ್ಟೆಗೆ ಬಂದ ಲಿಗ್ನೊಕೇನ್‌ಗೆ ಇಂಥ ಅಲರ್ಜಿ ಬಹಳ ಅಪರೂಪ. ಅದಕ್ಕೂ ಹಿಂದೆ ಬಳಕೆಯಲ್ಲಿದ್ದ ಪ್ರೊಕೇನ್‌ಗೆ ಹೆಚ್ಚು ಬರುತ್ತಿತ್ತು. ಕೆಲವೊಮ್ಮೆ ಮದ್ದಿಗಲ್ಲ, ಅದು ಕೆಡದಂತೆ ಬೆರೆಸುವ ಮೀಥೈಲ್ ಪ್ಯಾರಬೆನ್ ಅಥವಾ ಸಲ್ಫೈಟಿಗೆ ಅಲರ್ಜಿ ಇರಬಹುದು. ಅನುಮಾನ ಉಳಿದಿದ್ದರೆ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಯಲ್ಲಿ ಅಲರ್ಜಿ ತಜ್ಞರಿಂದ ಪರೀಕ್ಷೆ ಮಾಡಿಸಿಕೊಂಡು, ಫಲಿತಾಂಶವನ್ನು ಬರಹದಲ್ಲಿ ಇಟ್ಟುಕೊಳ್ಳಿ. ನಿಜವಾದ ಅಲರ್ಜಿ ಕುರ್ಚಿಯಲ್ಲಿಯೇ ಎದುರಾದರೆ ಜೀವ ಉಳಿಸುವ ಮೊದಲ ಮದ್ದು ಅದೇ ಅಡ್ರಿನಲಿನ್: ವಯಸ್ಕರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ, ತಡಮಾಡದೆ. ಅದರ ಆಂಪೂಲ್ ಕೈಗೆ ಸಿಗುವಂತೆ ಇಡದ ಚಿಕಿತ್ಸಾಲಯದಲ್ಲಿ ಯಾವ ಚುಚ್ಚುಮದ್ದನ್ನೂ ಕೊಡಬಾರದು.

ಪ್ರಶ್ನೆ: ಐದು ವರ್ಷದ ಮಗಳ ಹಲ್ಲು ಕೀಳಿಸಿದೆವು. ಸಂಜೆಗೆ ಕೆಳತುಟಿ ಊದಿ, ಮರುದಿನ ಬಿಳಿ ಹುಣ್ಣಾಯಿತು. ಸೂಜಿಯಿಂದ ಸೋಂಕು ತಗಲಿತೇ? (ಕುಶಾಲನಗರ)

ಉತ್ತರ: ಮಗು ತುಟಿಯನ್ನು ಕಚ್ಚಿಕೊಂಡಿದೆ. ಹಲ್ಲಿನ ಒಳಗಿನ ಮರಗಟ್ಟುವಿಕೆ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿದರೂ ತುಟಿ, ನಾಲಿಗೆಯದು ಮೂರರಿಂದ ಐದು ಗಂಟೆ ಉಳಿಯಬಹುದು. ‘ದಪ್ಪವಾಗಿದೆ’ ಎನಿಸುವ ತುಟಿಯನ್ನು ಮಕ್ಕಳು ಆಟವಾಡುವಂತೆ ಜಗಿಯುತ್ತಾರೆ, ನೋವು ಗೊತ್ತಾಗುವುದಿಲ್ಲ. ಬಿಳಿಯಾಗಿ ಕಾಣುವುದು ಸಾಮಾನ್ಯವಾಗಿ ಕೀವಲ್ಲ, ಗಾಯ ಮಾಯುವಾಗ ಕಟ್ಟುವ ಪೊರೆ. ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿಸಿ, ತುಟಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ. ವಾರ ಹತ್ತು ದಿನದಲ್ಲಿ ಮಾಯುತ್ತದೆ. ಜ್ವರ ಬಂದರೆ ಅಥವಾ ಊತ ಕೆನ್ನೆಗೆ ಹರಡಿದರೆ ಮಾತ್ರ ಮತ್ತೆ ತೋರಿಸಿ.

ನೀವು ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಬೇಕು. ಮಕ್ಕಳಿಗೆ ಮದ್ದಿನ ಪ್ರಮಾಣವನ್ನು ವಯಸ್ಸಿನಿಂದಲ್ಲ, ತೂಕದಿಂದ ನಿರ್ಧರಿಸಬೇಕು. ಲಿಗ್ನೊಕೇನ್ ಕಿಲೋ ತೂಕಕ್ಕೆ 4.4 ಮಿಲಿಗ್ರಾಂ ಮೀರಬಾರದೆಂದು ಇಟ್ಟುಕೊಂಡರೆ 15 ಕಿಲೋದ ಮಗುವಿಗೆ ಒಟ್ಟು 66 ಮಿಲಿಗ್ರಾಂ ಆಯಿತು. ಶೇಕಡ 2ರ ಮದ್ದಿನ 1.8 ಮಿಲಿಲೀಟರ್ ಕಾರ್ಟ್ರಿಜ್ ಒಂದರಲ್ಲಿ 36 ಮಿಲಿಗ್ರಾಂ ಇರುವುದರಿಂದ, ಎರಡು ಕಾರ್ಟ್ರಿಜ್ ಪೂರ್ತಿಯಾಗಿ ಕೊಟ್ಟರೆ ಮಿತಿ ಮೀರುತ್ತದೆ. ಬಾಯಿಯ ನಾಲ್ಕೂ ಮೂಲೆಯ ಹಲ್ಲುಗಳನ್ನು ಒಂದೇ ದಿನ ಮುಗಿಸಿಕೊಡಿ, ಇಷ್ಟು ದೂರ ಮತ್ತೆ ಬರಲಾಗದು ಎಂದು ತಂದೆತಾಯಂದಿರು ಒತ್ತಾಯಿಸುವುದುಂಟು. ಆ ಒತ್ತಾಯಕ್ಕೆ ಮಣಿದರೆ ಮಿತಿ ಮೀರುವುದು ಸುಲಭ, ಹಾಗೆ ಮೀರಿದಾಗ ಮಗುವಿಗೆ ಮೊದಲು ಮಂಪರು, ಆಮೇಲೆ ಫಿಟ್ಸ್ ಬರಬಹುದು. ಚಿಕಿತ್ಸೆಗೆ ಮೊದಲು ಮಗುವನ್ನು ತೂಗುತ್ತಾರೆಯೇ ಎಂದು ಗಮನಿಸಿ. ತೂಗದಿದ್ದರೆ ತೂಕವನ್ನು ನೀವೇ ಹೇಳಿ.

ಪ್ರಶ್ನೆ: ಮುಖ ಊದಿದ್ದಾಗ ಹಲ್ಲು ಕೀಳಿಸಲು ಹೋದೆ. ಮೂರು ಬಾರಿ ಚುಚ್ಚಿದರೂ ಮರಗಟ್ಟಲಿಲ್ಲ. ಮದ್ದು ಕಳಪೆಯೇ? (ಭಾಗಮಂಡಲ)

ಉತ್ತರ: ಮದ್ದು ಚೆನ್ನಾಗಿದ್ದರೂ ಹೀಗಾಗುತ್ತದೆ. ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಮದ್ದಿನ ಬಹುಪಾಲು ನರದ ಪೊರೆಯನ್ನು ದಾಟಲಾಗದ ರೂಪಕ್ಕೆ ತಿರುಗುತ್ತದೆ. ಊದಿದ ಜಾಗಕ್ಕೇ ಮತ್ತೆ ಮತ್ತೆ ಚುಚ್ಚಿದರೆ ಸೋಂಕನ್ನು ಸೂಜಿಯ ದಾರಿಯಲ್ಲಿ ಒಳಕ್ಕೆ ಒಯ್ದಂತೆಯೂ ಆಗಬಹುದು. ಊತದಿಂದ ದೂರದಲ್ಲಿ ನರದ ಮೂಲಕ್ಕೆ ಮದ್ದು ಕೊಡುವುದು, ಇಲ್ಲವೇ ಮೊದಲು ಕೀವು ಹೊರಹಾಕಿ ಕೆಲ ದಿನ ಬಿಟ್ಟು ಹಲ್ಲು ಕೀಳುವುದು ಸರಿಯಾದ ದಾರಿ. ಊತ ಗದ್ದದ ಕೆಳಕ್ಕೆ ಇಳಿದು ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟವಾದರೆ ಚಿಕಿತ್ಸಾಲಯಕ್ಕಲ್ಲ, ನೇರ ಜಿಲ್ಲಾಸ್ಪತ್ರೆಗೆ ಹೋಗಿ.

ಪ್ರಶ್ನೆ: ಹಲ್ಲುನೋವಿಗೆ ಊರಿನಲ್ಲೊಬ್ಬರು ಮನೆಗೇ ಬಂದು ಸೊಂಟಕ್ಕೆ ನೋವಿನ ಇಂಜೆಕ್ಷನ್ ಕೊಡುತ್ತಾರೆ. ರಾತ್ರಿ ನಿದ್ದೆ ಬರುತ್ತದೆ. ತಪ್ಪೇನು? (ಶನಿವಾರಸಂತೆ)

ಉತ್ತರ: ನಿದ್ದೆ ಬರುತ್ತದೆ, ಹಲ್ಲು ಕೊಳೆಯುತ್ತಲೇ ಇರುತ್ತದೆ. ಡೈಕ್ಲೊಫೆನಾಕ್‌ನಂಥ ಮದ್ದು ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಕೆಲವು ಬಗೆಯ ಅಸ್ತಮಾ ಇರುವವರಿಗೆ ಅಪಾಯ, ಪೃಷ್ಠದಲ್ಲಿ ಜಾಗ ತಪ್ಪಿ ಚುಚ್ಚಿದರೆ ಕಾಲಿನ ನರಕ್ಕೂ ಪೆಟ್ಟಾಗಬಹುದು. ಮಾತ್ರೆ ನುಂಗಲು ಬಾಯಿ ಇರುವಾಗ ಸೂಜಿ ಬೇಕಾಗುವುದು ಅಪರೂಪ. ಮನೆಯಲ್ಲಿ ಯಾರಿಂದಲೂ ಪ್ರತಿಜೀವಕದ ಇಂಜೆಕ್ಷನ್ ಅಂತೂ ಹಾಕಿಸಿಕೊಳ್ಳಬೇಡಿ. ಪೆನಿಸಿಲಿನ್ ಗುಂಪಿನ ಮದ್ದಿಗೆ ಅಲರ್ಜಿಯಾದರೆ ಬೆಟ್ಟದ ಮೇಲಿನ ಒಂಟಿ ಮನೆಯಿಂದ ಜೀಪಿನಲ್ಲಿ ಆಸ್ಪತ್ರೆ ತಲಪುವಷ್ಟು ಹೊತ್ತು ಸಿಗುವುದಿಲ್ಲ.

ಪ್ರಶ್ನೆ: ನಾನು ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್. ಲೈನ್ ಮನೆಗಳ ಕೆಲಸಗಾರರಿಗೆ ಹಲ್ಲಿನ ಶಿಬಿರ ನಡೆದಾಗ ಒಂದೇ ಬಾಟಲಿಯಿಂದ ಹತ್ತು ಹನ್ನೆರಡು ಮಂದಿಗೆ ಮದ್ದು ಕೊಟ್ಟರು. ಕೇಳಿದ್ದಕ್ಕೆ, ಸೂಜಿ ಬದಲಾಯಿಸುತ್ತೇವಲ್ಲ ಎಂದರು. ಅಷ್ಟು ಸಾಕೇ? (ಸಿದ್ದಾಪುರ)

ಉತ್ತರ: ನಿಮ್ಮಂತೆ ಕೇಳುವವರು ಶಿಬಿರಕ್ಕೊಬ್ಬರಿದ್ದರೆ ಒಳ್ಳೆಯದು. ಬಾಟಲಿ ಒಂದೇ ಆಗಿರುವುದು ತಪ್ಪಲ್ಲ. 30 ಮಿಲಿಲೀಟರಿನ ಬಾಟಲಿ ಹಲವರಿಗೆಂದೇ ತಯಾರಾಗುತ್ತದೆ. ಆದರೆ ಸೂಜಿ ಮಾತ್ರ ಬದಲಾಯಿಸಿ ಸಿರಿಂಜನ್ನು ಉಳಿಸಿಕೊಂಡಿದ್ದರೆ ಅದು ದೊಡ್ಡ ತಪ್ಪು. ಚುಚ್ಚುವಾಗಲೂ ಹಿಂದಕ್ಕೆ ಎಳೆದು ನೋಡುವಾಗಲೂ ರಕ್ತದ ಅಂಶ ಸಿರಿಂಜಿನ ಒಳಕ್ಕೆ ಬರುತ್ತದೆ, ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಆ ಸಿರಿಂಜನ್ನು ಹೊಸ ಸೂಜಿಯೊಂದಿಗೆ ಮತ್ತೆ ಬಾಟಲಿಗೆ ಇಳಿಸಿದರೆ ಬಾಟಲಿಯೇ ಮಲಿನವಾಗುತ್ತದೆ, ಆಮೇಲೆ ಅದರಿಂದ ಮದ್ದು ಪಡೆದ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ತಗಲುವ ಸಾಧ್ಯತೆ ಇರುತ್ತದೆ. ಒಬ್ಬರಿಗೇ ಎರಡನೆಯ ಬಾರಿ ಮದ್ದು ಬೇಕಾದರೂ ಹೊಸ ಸೂಜಿ, ಹೊಸ ಸಿರಿಂಜು ತೆಗೆದುಕೊಂಡೇ ಬಾಟಲಿಯನ್ನು ಮುಟ್ಟಬೇಕು.

ಮುಂದಿನ ಶಿಬಿರದಲ್ಲಿ ಮೇಜಿನ ಹತ್ತಿರ ನಿಂತು ನೋಡಿ. ಪ್ರತಿಯೊಬ್ಬರ ಕಣ್ಣೆದುರಿನಲ್ಲಿಯೇ ಸಿರಿಂಜಿನ ಕಾಗದದ ಹೊದಿಕೆ ಹರಿಯಬೇಕು. ಬಾಟಲಿಯ ರಬ್ಬರಿನ ಮೇಲ್ಮೈಯನ್ನು ಪ್ರತಿ ಬಾರಿಯೂ ಸ್ಪಿರಿಟ್ ಹತ್ತಿಯಿಂದ ಒರಸಿ ಒಣಗಲು ಬಿಡಬೇಕು. ‘ಮತ್ತೆ ಮತ್ತೆ ಚುಚ್ಚುವುದೇಕೆ’ ಎಂದು ರಬ್ಬರಿನಲ್ಲಿ ಒಂದು ಸೂಜಿಯನ್ನು ನೆಟ್ಟೇ ಬಿಟ್ಟಿದ್ದರೆ ಆ ಬಾಟಲಿಯನ್ನು ಬಿಸಾಡಿಸಿ. ತೆರೆದ ದಿನಾಂಕ ಬಾಟಲಿಯ ಮೇಲೆ ಬರೆದಿರಬೇಕು, 28 ದಿನ ಕಳೆದರೆ ಉಳಿದದ್ದು ಕಸ. ನನ್ನನ್ನು ಕೇಳಿದರೆ, ಶಿಬಿರಗಳಿಗೆ ಒಬ್ಬರಿಗೆ ಒಂದರಂತೆ ಕಾರ್ಟ್ರಿಜ್ ಒಯ್ಯುವುದೇ ಸುರಕ್ಷಿತ. ಸ್ವಲ್ಪ ದುಬಾರಿ ಹೌದು. ಅದಕ್ಕೂ ಹಣ ಹೊಂದಿಸಲಾಗದಿದ್ದರೆ ತೋಟದಲ್ಲಿ ತಪಾಸಣೆ ಮಾತ್ರ ಮಾಡಿ, ಹಲ್ಲು ಕೀಳುವ ಕೆಲಸವನ್ನು ಆಸ್ಪತ್ರೆಗೆ ಬಿಡುವುದು ಮೇಲು.

ಪ್ರಶ್ನೆ: ನಾನು ಹೊಸದಾಗಿ ಚಿಕಿತ್ಸಾಲಯ ತೆರೆದಿರುವ ದಂತವೈದ್ಯೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಚುಚ್ಚುಮದ್ದಿನ ವಿಷಯದಲ್ಲಿ ನಾನು ಎಲ್ಲಿ ಎಡವಬಹುದು? (ಗೋಣಿಕೊಪ್ಪ)

ಉತ್ತರ: ಕರೆಂಟಿನಿಂದ ಮದ್ದು ಕೆಡುವುದೆಂಬ ಚಿಂತೆ ಬೇಡ. ಲಿಗ್ನೊಕೇನ್ ಅಡ್ರಿನಲಿನ್ ಮದ್ದನ್ನು 25 ಡಿಗ್ರಿಗಿಂತ ಕೆಳಗೆ ಬೆಳಕು ತಾಗದಂತೆ ಇಟ್ಟರೆ ಸಾಕು, ನಮ್ಮ ಮಳೆಗಾಲಕ್ಕೆ ಅದು ಕಷ್ಟವಲ್ಲ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಬೇಡಿ. ಕರೆಂಟಿಲ್ಲದೆ ನಿಲ್ಲುವುದು ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿರಹಿತ ಮಾಡುವ ಆಟೋಕ್ಲೇವ್. ಲೋಹದ ಸಿರಿಂಜು ಆಟೋಕ್ಲೇವ್ ಆಗದಿದ್ದರೆ ಅಂದು ಒಂದು ಬಾರಿ ಬಳಸಿ ಬಿಸಾಡುವ ಸಿರಿಂಜನ್ನು ಹಿಡಿಯಿರಿ, ಅದೂ ಇಲ್ಲದಿದ್ದರೆ ಬಾಗಿಲು ಹಾಕಿ. ಕುದಿಸಿದ ನೀರು, ಸ್ಪಿರಿಟ್ ಇವು ಆಟೋಕ್ಲೇವ್‌ನ ಬದಲಿಗೆ ಆಗುವುದಿಲ್ಲ.

ನೀವು ಎಡವಬಹುದಾದ ಜಾಗ ಟ್ರೇ. ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಎಷ್ಟೋ ವರ್ಷಗಳ ಹಿಂದೆ ಬೇರು ನಾಳದ ಚಿಕಿತ್ಸೆಗೆ ಸಿದ್ಧವಾಗಿದ್ದ ನನ್ನ ಟ್ರೇಯಲ್ಲಿ ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಸಿರಿಂಜುಗಳಿದ್ದವು, ಎರಡರಲ್ಲಿಯೂ ನೀರಿನಂಥ ದ್ರವ. ಒಂದು ಮರಗಟ್ಟಿಸುವ ಮದ್ದು, ಇನ್ನೊಂದು ನಾಳ ತೊಳೆಯುವ ಸೋಡಿಯಂ ಹೈಪೊಕ್ಲೋರೈಟ್. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಗಾಳಿ ಹೊರಹಾಕಲು ಒಂದು ಹನಿ ಒತ್ತಿದಾಗ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ಬರುವ ವಾಸನೆ ಮೂಗಿಗೆ ಬಡಿಯಿತು. ರೋಗಿ ಬಾಯಿ ತೆರೆದು ಕಾಯುತ್ತಿದ್ದರು. ಅದನ್ನು ಒಸಡಿನ ಒಳಗೆ ಚುಚ್ಚಿದ್ದರೆ ಮಾಂಸವೇ ಸುಟ್ಟು ಮುಖ ಊದಿ, ಸತ್ತ ಮಾಂಸ ಕಳಚಿ ಬೀಳುತ್ತಿತ್ತು. ಹೀಗೆ ಹೈಪೊಕ್ಲೋರೈಟನ್ನೂ, ಕೆಲವೆಡೆ ಫಾರ್ಮಲಿನ್ನನ್ನೂ ತಪ್ಪಿ ಚುಚ್ಚಿದ ಪ್ರಕರಣಗಳು ದಂತವೈದ್ಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಅಂದಿನಿಂದ ನನ್ನಲ್ಲಿ ನಾಳ ತೊಳೆಯುವ ದ್ರವಕ್ಕೆ ಬೇರೆ ಅಳತೆಯ, ಬಣ್ಣದ ಪಟ್ಟಿ ಸುತ್ತಿದ, ಪಕ್ಕದಲ್ಲಿ ರಂಧ್ರವಿರುವ ಮೊಂಡು ಸೂಜಿಯ ಸಿರಿಂಜು ಮಾತ್ರ. ಮರಗಟ್ಟಿಸುವ ಮದ್ದನ್ನು ಸಹಾಯಕಿ ಮೊದಲೇ ತುಂಬಿಡುವುದಿಲ್ಲ. ಬಾಟಲಿಯ ಹೆಸರನ್ನು ಗಟ್ಟಿಯಾಗಿ ಓದಿ ನಾನೇ ತುಂಬುತ್ತೇನೆ. ಔಷಧವಲ್ಲದ ಯಾವುದನ್ನೂ ಔಷಧದ ಖಾಲಿ ಬಾಟಲಿಯಲ್ಲಿ ತುಂಬಿಡಬೇಡಿ, ಅರ್ಧ ದಿನದ ಮಟ್ಟಿಗೂ ಬೇಡ.

ಚುಚ್ಚುವಾಗ ಸೂಜಿಯನ್ನು ಬುಡದವರೆಗೆ ಇಳಿಸಬೇಡಿ; ಮುರಿದರೆ ಬುಡದಲ್ಲಿಯೇ ಮುರಿಯುತ್ತದೆ, ಹಿಡಿದೆಳೆಯಲು ತುದಿ ಉಳಿಯುವುದಿಲ್ಲ. ಕೆಳದವಡೆಯ ನರಕ್ಕೆ 27 ಗೇಜಿನ ಉದ್ದ ಸೂಜಿ ಸರಿ. ಮದ್ದು ತೀರಾ ಹಿಂದಕ್ಕೆ ಹೋಗಿ ಲಾಲಾರಸ ಗ್ರಂಥಿಗೆ ತಲಪಿದರೆ ಆ ಬದಿಯ ಕಣ್ಣು ಮುಚ್ಚಲಾಗದೆ ರೋಗಿ ಗಾಬರಿಯಾಗುತ್ತಾರೆ. ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆಂದು ಧೈರ್ಯ ಹೇಳಿ, ಅಲ್ಲಿಯವರೆಗೆ ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸಿ.

ಇನ್ನು ನಿಮ್ಮ ಕೈಯ ವಿಚಾರ. ದಂತವೈದ್ಯರಿಗೆ ಸೂಜಿ ಚುಚ್ಚುವುದು ಬಹುಮಟ್ಟಿಗೆ ಮುಚ್ಚಳ ಹಾಕುವಾಗಲೇ. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಸಿರಿಂಜು ಹಿಡಿಯುವ ಅಭ್ಯಾಸವನ್ನು ಇಂದೇ ಬಿಡಿ. ಮುಚ್ಚಳವನ್ನು ಟ್ರೇಯ ಮೇಲೆ ಮಲಗಿಸಿ, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ, ಎತ್ತಿ ನಿಲ್ಲಿಸಿ ಬಿಗಿಮಾಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳು ಬಿಳಿಯ, ಚುಚ್ಚಿದರೂ ತೂತಾಗದ ಡಬ್ಬಿಗೆ ಹೋಗಬೇಕು, ಗಾಜಿನ ಬಾಟಲಿ ನೀಲಿ ಗುರುತಿನದಕ್ಕೆ. ಡಬ್ಬಿ ಕುರ್ಚಿಯ ಪಕ್ಕದಲ್ಲಿಯೇ ಇರಲಿ, ಮುಕ್ಕಾಲು ತುಂಬುತ್ತಲೇ ಮುಚ್ಚಿ. ನೀವೂ ಸಹಾಯಕಿಯೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು, ಅಂದರೆ ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ, ಮುಗಿಸಿರಬೇಕು. ಲಸಿಕೆ ಇಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರರಲ್ಲಿ 30ರವರೆಗೆ ಇದ್ದರೆ, ಎಚ್‌ಐವಿಯದು ಸಾವಿರದಲ್ಲಿ ಸುಮಾರು 3. ಹಾಗಿದ್ದರೂ ಎಲ್ಲರೂ ಹೆದರುವುದು ಎರಡನೆಯದಕ್ಕೆ.

ಸೂಜಿ ಚುಚ್ಚಿಯೇ ಬಿಟ್ಟರೆ ಬೆರಳನ್ನು ಹಿಂಡಬೇಡಿ, ಬಾಯಿಗೆ ಇಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ. ರೋಗಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆದು ರಕ್ತ ಪರೀಕ್ಷೆಗೆ ಕೊಡಿಸಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವಾದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕಾಗುವುದರಿಂದ, ಸಂಜೆಯವರೆಗಿನ ರೋಗಿಗಳನ್ನು ಮುಗಿಸಿ ಹೋಗೋಣವೆಂದು ಕಾಯದೆ ಬಾಗಿಲು ಹಾಕಿ ಆಗಲೇ ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಹೊರಡಿ.